ಕುದುರೆ ಒಂದೇ, ತಲೆ ಮೂರು

ದೊಡ್ಡವರ ಭಾವಚಿತ್ರದಲ್ಲಿ ಎಲ್ಲಕ್ಕಿಂತ ಅಗ್ಗದ ಭಾಗ ಯಾವುದು? ಮುಖ. ನಂಬಿಕೆ ಬಾರದಿದ್ದರೆ ಪಿಯರ್ ಲೊಂಬಾರ್ ಎಂಬ ಫ್ರೆಂಚ್ ಕೆತ್ತನೆಗಾರನ, ಚಿತ್ರ ಕೆತ್ತಿ ಕಾಗದಕ್ಕೆ ಅಚ್ಚೊತ್ತುವ ತಾಮ್ರದ ತಗಡನ್ನೇ ಕೇಳಬೇಕು.

ಹದಿನೇಳನೆಯ ಶತಮಾನದ ನಡುವಿನಲ್ಲಿ ಲಂಡನ್ನಿನಲ್ಲಿದ್ದ ಈತ, ಇಂಗ್ಲೆಂಡಿನ ದೊರೆ ಒಂದನೆಯ ಚಾರ್ಲ್ಸ್ ಕುದುರೆಯೇರಿ ಬರುವ ವ್ಯಾನ್ ಡೈಕನ ಚಿತ್ರದಿಂದ ಕುದುರೆ, ಕವಚ, ಠೀವಿ ಎಲ್ಲವನ್ನೂ ಎತ್ತಿಕೊಂಡ. ದೊರೆಯ ತಲೆ ಮಾತ್ರ 1649ರಲ್ಲೇ ಉರುಳಿತ್ತು. ಹಾಗಾಗಿ ಆ ಮೈಮೇಲೆ ಬಂದು ಕೂತದ್ದು, ದೊರೆಯನ್ನು ಕೊಲ್ಲಿಸಿದವರ ಮುಂದಾಳು ಕ್ರಾಮ್‌ವೆಲ್‌ನ ತಲೆ! ಗಾಳಿ ತಿರುಗಿದ ಮೇಲೆ ಅದನ್ನು ಕೆರೆದು ಫ್ರಾನ್ಸಿನ ದೊರೆ ಹದಿನಾಲ್ಕನೆಯ ಲೂಯಿಯನ್ನು ಕೂರಿಸಿದರು. ಚಾರ್ಲ್ಸನ ಮುಖಕ್ಕೂ ಒಂದು ಸರದಿ ಬಂತು; ತನ್ನದೇ ಮೈಗೆ ಮರಳಲು ಪಾಪ ಅವನು ಪಾಳಿ ಕಾಯಬೇಕಾಯಿತು. ನಡುವೆ ಮುಖದ ಜಾಗ ಬೋಳಾಗಿದ್ದಾಗ ತೆಗೆದ ಪ್ರತಿಗಳೂ ಉಳಿದಿವೆ. ಈ ಅಚ್ಚಿಗೆ 'ತಲೆಯಿಲ್ಲದ ಸವಾರ' ಎಂಬ ಹೆಸರು ಬಿದ್ದದ್ದೇ ಅದರಿಂದ. ಜಾತ್ರೆಯಲ್ಲಿ ಹಲಗೆಯ ತೂತಿಗೆ ಮುಖ ತೂರಿಸಿ ಫೋಟೊ ತೆಗೆಸಿಕೊಳ್ಳುತ್ತೇವಲ್ಲ, ಹೆಚ್ಚುಕಡಿಮೆ ಅದೇ. ಕುದುರೆಗೆ ಮಾತ್ರ ಯಾವ ಸರ್ಕಾರ ಬಂದರೂ ಕೆಲಸ ಹೋಗಲಿಲ್ಲ.

ನಗಬಹುದು, ಆದರೆ ಲೆಕ್ಕ ಸರಿಯಾಗಿಯೇ ಇದೆ. ತಗಡನ್ನು ಚರ್ಮದ ದಿಂಬಿನ ಮೇಲಿಟ್ಟು, ಅಂಗೈಯಿಂದ ಉಳಿಯನ್ನು ಮುಂದೆ ನೂಕಬೇಕು. ಗೆರೆ ಬಾಗಬೇಕಾದಲ್ಲಿ ತಿರುಗುವುದು ಕೈಯಲ್ಲ, ತಗಡು. ಕೇಸರಕ್ಕೊಂದು ಬಗೆಯ ಗೆರೆ, ಉಕ್ಕಿನ ಹೊಳಪಿಗೆ ಇನ್ನೊಂದು. ಸಾಲದ್ದಕ್ಕೆ ಎಲ್ಲವನ್ನೂ ಎಡಬಲ ಅದಲುಬದಲಾಗಿ ಯೋಚಿಸಬೇಕು, ಕಾಗದದ ಮೇಲೆ ಅದು ಕನ್ನಡಿಯಂತೆ ಬೀಳುತ್ತದೆ. ಇಷ್ಟು ಬೆವರು ಸುರಿಸಿದ ಕುದುರೆಯನ್ನು ರಾಜಕೀಯಕ್ಕಾಗಿ ಎಸೆಯುತ್ತಾರೆಯೇ? ಅಂಗೈಯಗಲದ ಮುಖವನ್ನು ಹೆರೆದು, ಕುಳಿಬಿದ್ದ ತಾಮ್ರವನ್ನು ಹಿಂದಿನಿಂದ ಸುತ್ತಿಗೆಯಲ್ಲಿ ತಟ್ಟಿ ಮೇಲೆತ್ತಿ, ಉಜ್ಜಿ ನಯಮಾಡಿದರೆ ಹೊಸ ದೊರೆಗೆ ಜಾಗ ಸಿದ್ಧ.

ಪ್ಯಾರಿಸ್ಸಿನ ಕೆತ್ತನೆಗಾರ ರಾಬರ್ಟ್ ನಾಂತೆಯ್ ಇದಕ್ಕೆ ತದ್ವಿರುದ್ಧ. ಅವನಿಗೆ ಮುಖವೇ ಸರ್ವಸ್ವ. ಆಸಾಮಿಯನ್ನು ಎದುರಿಗೆ ಕೂರಿಸಿಕೊಂಡು ಬರೆಯುವುದು, ಆಮೇಲೆ ಅಂಡಾಕಾರದ ಚೌಕಟ್ಟಿನೊಳಗೆ ಎದೆಮಟ್ಟಕ್ಕೆ ಕೆತ್ತುವುದು. ಕುದುರೆಯ ಗೊಡವೆಯಿಲ್ಲ, ಬಹಳ ಸಲ ಕೈಬೆರಳುಗಳ ರಗಳೆಯೂ ಇಲ್ಲ. ಜಾಣ! ಕೆತ್ತನೆಗಾರರು ಬರೀ ಕಸುಬಿನವರಲ್ಲ, ಕಲಾವಿದರು ಎಂದು 1660ರಲ್ಲಿ ರಾಜಾಜ್ಞೆ ಹೊರಡಿಸಿದ ಲೂಯಿಯ ಮುಖವನ್ನು ನಾಂತೆಯ್ ಮತ್ತೆ ಮತ್ತೆ ಕೆತ್ತಿದ. ಅವನಿಗೇನು, ಅರಮನೆಯಿಂದ ವೇತನ ಬರುತ್ತಿತ್ತು. ಲೊಂಬಾರನ ಕುದುರೆ ತನ್ನ ಹುಲ್ಲನ್ನು ತಾನೇ ದುಡಿದುಕೊಳ್ಳಬೇಕಿತ್ತು.