ಸತ್ಯಾಂಶ: ಬಲೆಯಲ್ಲಿ ಬಿದ್ದ ಮೀನಿನ ಬೆಲೆಯೇ ಮೀನುಗಾರರ ಸಂಪಾದನೆಯಲ್ಲ

"ಸಣ್ಣ ದೋಣಿಯವರಿಗೆ ಒಂದು ಬಲೆ ಮೀನು ಸಿಕ್ಕರೆ ಸಾಕು, ತಿಂಗಳ ಸಂಬಳ ಒಂದೇ ದಿನಕ್ಕೆ. ಆದ್ರೆ ಕೆಲಸ ಕೊಡೋದು ದೊಡ್ಡ ಹಡಗುಗಳೇ" ಎನ್ನುವ ಮೆಸೇಜು ಹರಿದಾಡುತ್ತಿದೆ. ಎರಡೂ ಮಾತು ತಪ್ಪು.

ಹರಾಜಿನ ಹಣ ಹಾಗೇ ಕೈಯಲ್ಲಿ ಉಳಿಯುವುದಿಲ್ಲ. ಮೊದಲು ಇಂಧನ, ಐಸು, ಊಟದ ಖರ್ಚು ಕಳೆಯಬೇಕು. ಉಳಿದದ್ದು ಪಾಲಾಗುತ್ತದೆ. ಹೆಚ್ಚಿನ ಕಡೆ ದೋಣಿಗೂ ಬಲೆಗೂ ಪಾಲು ಇರುತ್ತದೆ, ಮಿಕ್ಕಿದ್ದು ದುಡಿದವರಿಗೆ. ವ್ಯಾಪಾರಿಯಿಂದ ಮುಂಗಡ ತಂದಿದ್ದರೆ ಮೀನು ಅವರಿಗೇ ಹೋಗಬೇಕು, ಅದೂ ಎಷ್ಟೋ ಸಲ ಕಡಿಮೆ ಬೆಲೆಗೆ. ಬಲೆ ಖಾಲಿ ಬಂದ ದಿನ ಕೂಲಿಯೂ ಇಲ್ಲ, ಇಂಧನದ ಖರ್ಚು ಮಾತ್ರ ತಲೆ ಮೇಲೆ. ಗಾಳಿ ಜಾಸ್ತಿಯಾಗಿ ದೋಣಿ ದಡದಲ್ಲೇ ನಿಂತ ದಿನಗಳನ್ನು ಆ ಮೆಸೇಜು ಎಣಿಸಿಯೇ ಇಲ್ಲ. ಅವೂ ವರ್ಷದ ದಿನಗಳೇ ಅಲ್ವಾ?

ಇನ್ನು ಕೆಲಸದ ವಿಷಯ. ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆ 2023ರಲ್ಲಿ ಪಾಲುದಾರರ ಜೊತೆ ಪ್ರಕಟಿಸಿದ ವರದಿಯ ಪ್ರಕಾರ, ಕಡಲು, ನದಿ, ಕೆರೆ ಎಲ್ಲ ಸೇರಿ ಮೀನು ಹಿಡಿಯುವ ಕ್ಷೇತ್ರದಲ್ಲಿ ದುಡಿಯುವವರ ಪೈಕಿ ಸುಮಾರು ಶೇ 90ರಷ್ಟು ಜನ ಸಣ್ಣ ಮೀನುಗಾರಿಕೆಯವರು. ಅವರಲ್ಲಿ ಹತ್ತಕ್ಕೆ ಸುಮಾರು ನಾಲ್ವರು ಹೆಂಗಸರು. ಮೀನು ಒಣಗಿಸುವುದು, ಮಾರುವುದು, ದಡದಲ್ಲಿ ಚಿಪ್ಪು ಆರಿಸುವುದು, ಇವೆಲ್ಲ ದುಡಿಮೆಯೇ.