ಕಮಲಾದೇವಿ 1926ರಲ್ಲಿ ಗೆದ್ದಿರಲಿಲ್ಲ: ಒಂದು ಸ್ಪಷ್ಟನೆ

'ಮಂಗಳೂರಿನ ಮಗಳು ಕಮಲಾದೇವಿ ಚಟ್ಟೋಪಾಧ್ಯಾಯ 1926ರಲ್ಲಿ ಮದ್ರಾಸ್ ವಿಧಾನ ಪರಿಷತ್ತಿಗೆ ಗೆದ್ದು ದೇಶದ ಮೊದಲ ಶಾಸಕಿಯಾದರು' ಎಂಬ ಸಂದೇಶ ವಾಟ್ಸ್‌ಆ್ಯಪ್‌ನಲ್ಲಿ ಓಡಾಡುತ್ತಿದೆ. ಅವರು ನಿಂತದ್ದು ನಿಜ, ಗೆದ್ದದ್ದು ಸುಳ್ಳು.

ಮದ್ರಾಸ್ ಪ್ರಾಂತ್ಯದಲ್ಲಿ ಹೆಂಗಸರಿಗೆ ಮತದ ಹಕ್ಕು 1921ರಲ್ಲೇ ಸಿಕ್ಕಿತ್ತು. ಆದರೆ ಅಭ್ಯರ್ಥಿಯಾಗುವ ದಾರಿ ತೆರೆದದ್ದು 1926ರಲ್ಲಿ. ಹೆಂಗಸರ ಮತದ ಹಕ್ಕಿಗಾಗಿ ಹೋರಾಡಿದ್ದ ಐರಿಷ್ ಮಹಿಳೆ ಮಾರ್ಗರೆಟ್ ಕಸಿನ್ಸ್ ಒತ್ತಾಯಿಸಿದ್ದರಿಂದ 23ರ ಹರೆಯದ ಕಮಲಾದೇವಿ ಕಣಕ್ಕಿಳಿದರು. ಪ್ರಚಾರಕ್ಕೆ ಸಿಕ್ಕಿದ ಸಮಯ ಬಹಳ ಕಡಿಮೆ, ಸೋತದ್ದು ಅಲ್ಪ ಅಂತರದಲ್ಲಿ. ಮದ್ರಾಸ್ ಪರಿಷತ್ತಿನೊಳಗೆ ಕೂತ ಮೊದಲ ಮಹಿಳೆ ಡಾ. ಮುತ್ತುಲಕ್ಷ್ಮಿ ರೆಡ್ಡಿ, ಅವರದೂ ನಾಮನಿರ್ದೇಶನ, ಚುನಾವಣೆಯಲ್ಲ. ಈ ಇಬ್ಬರ ಕತೆ ಬೆರೆತೇ ತಪ್ಪು ಹುಟ್ಟಿರಬೇಕು.

ಶಾಲೆಯ ಭಿತ್ತಿಪತ್ರಕ್ಕೋ ಫ್ಲೆಕ್ಸ್‌ಗೋ ಬರೆಯುವವರು 'ಗೆದ್ದ' ಎಂಬುದನ್ನು ತೆಗೆದು 'ಶಾಸನಸಭೆಯ ಚುನಾವಣೆಗೆ ಸ್ಪರ್ಧಿಸಿದ ಮೊದಲ ಭಾರತೀಯ ಮಹಿಳೆ' ಎಂದು ಹಾಕಿ. ಅದೇ ಸಂದೇಶದಲ್ಲಿ 'ತೊಂಬತ್ತು ದಾಟಿ ಬದುಕಿದರು' ಎಂದೂ ಇದೆ. ಜನನ 1903 ಏಪ್ರಿಲ್ 3, ನಿಧನ 1988 ಅಕ್ಟೋಬರ್ 29. ಅಂದರೆ 85 ವರ್ಷ.

ಸೋಲನ್ನು ಮುಚ್ಚಬೇಕಾದ ಅಗತ್ಯವೇ ಇಲ್ಲ. ಬಾಲ್ಯದಲ್ಲೇ ವಿಧವೆಯಾಗಿ ಮರುಮದುವೆಯಾದವರು, 1930ರಲ್ಲಿ ಮುಂಬೈಯಲ್ಲಿ ಉಪ್ಪಿನ ಪೊಟ್ಟಣ ಮಾರಿ ಜೈಲಿಗೆ ಹೋದವರು, ದೇಶವಿಭಜನೆಯ ನಿರಾಶ್ರಿತರಿಗೆ ಫರೀದಾಬಾದ್‌ನಲ್ಲಿ ನೆಲೆ ಕಟ್ಟಿಸಿದವರು, 1952ರಿಂದ ಕರಕುಶಲ ಮಂಡಳಿಯ ಚುಕ್ಕಾಣಿ ಹಿಡಿದು ನೇಕಾರರ, ಕುಂಬಾರರ ಹಳ್ಳಿಗಳನ್ನು ಸುತ್ತಿದವರು ಅವರು. ಮ್ಯಾಗ್ಸೆಸೆ ಪ್ರಶಸ್ತಿ ಬಂದದ್ದು 1966ರಲ್ಲಿ, ಪದ್ಮವಿಭೂಷಣ 1987ರಲ್ಲಿ. ಹಳೆಯ ಸಂದೇಶ ಕಳಿಸಿದ ಗುಂಪಿಗೇ ಈ ತಿದ್ದುಪಡಿಯನ್ನೂ ಕಳಿಸಿ.