ನಾಲ್ಕು ಕತ್ತರಿ, ಒಂದು ಸುಳ್ಳು ‘ಗಿಫ್ಟ್’

ವಿಜಯಪುರ ಜಿಲ್ಲೆಯ ನಮ್ಮ ತಿಕೋಟಾ ಕಡೆ ದ್ರಾಕ್ಷಿ ಹಚ್ಚಿದವರಿಗೆ ಅಕ್ಟೋಬರ್ ಚಾಟಣಿ ಅಂದರೆ ಏನಂತ ಬಿಡಿಸಿ ಹೇಳಬೇಕಿಲ್ಲ. ಉಳಿದವರಿಗೆ ಇಷ್ಟು ಸಾಕು: ಚಾಟಣಿ ಅಂದರೆ ಬಳ್ಳಿಯ ಕಡ್ಡಿ ಸವರುವುದು, ಅಕ್ಟೋಬರಿನದು ಹಣ್ಣು ಹಿಡಿಯುವ ಚಾಟಣಿ. ಒಂದೊಂದು ಕಡ್ಡಿಯನ್ನೂ ಕಣ್ಣು, ಅಂದರೆ ಚಿಗುರೊಡೆಯುವ ಮೊಗ್ಗು, ಎಣಿಸಿ ಕತ್ತರಿಸಬೇಕು. ಆ ಹೊತ್ತಿನಲ್ಲಿ ಆಳು ಸಿಗುವುದೇ ದೊಡ್ಡ ಮಾತು. ಸಿಕ್ಕ ಆಳಿನ ಅಂಗೈಗೆ ಮೂರನೇ ದಿನಕ್ಕೆ ಬೊಬ್ಬೆ ಎದ್ದಿರುತ್ತದೆ.

ಹಾಗಾಗಿ 2023ರಲ್ಲಿ ನನಗೆ ಜಪಾನಿನ ಕತ್ತರಿ ತರಿಸುವ ಹುಕಿ ಬಂತು. ರಾತ್ರಿ ಹನ್ನೊಂದಕ್ಕೆ ಯೂಟ್ಯೂಬ್ ನೋಡುತ್ತ ಕೂತರೆ ಬರುವ ಹುಕಿ ಅದು, ಹೆಂಡತಿ ಆಗಲೇ ಎಚ್ಚರಿಸಿದ್ದಳು. ಒಂದಕ್ಕೆ 3,000ದಂತೆ ನಾಲ್ಕಕ್ಕೆ 12,000 ರೂಪಾಯಿ, ಕೊರಿಯರ್‌ಗೆ 2,000. ದುಡ್ಡು ಕಟ್ಟಿದ ಮರುದಿನ ಮಾರಿದವನ ಮೆಸೇಜು: “ಗಿಫ್ಟ್ ಅಂತ ಬರೆದು ಬೆಲೆ 20 ಡಾಲರ್ ಹಾಕಲೇ? ನಿಮಗೆ ಸುಂಕ ಉಳಿಯುತ್ತದೆ.” ನಾನು ಎರಡನೇ ಯೋಚನೆ ಮಾಡದೆ ಹೂಂ ಅಂದೆ. ಮುಂದೆ ಬರುವ ಬೈಗುಳದಲ್ಲಿ ಮೊದಲ ಪಾಲು ನನ್ನದೇ, ಅದನ್ನು ಈಗಲೇ ತಗೊಂಡುಬಿಡುತ್ತೇನೆ.

ಪಾರ್ಸೆಲ್ ನಾಲ್ಕೇ ದಿನಕ್ಕೆ ಮುಂಬೈ ಮುಟ್ಟಿತು. ಮುಂಬೈಯಿಂದ ವಿಜಯಪುರಕ್ಕೆ ಒಂದು ರಾತ್ರಿಯ ಬಸ್ಸಿನ ದಾರಿ. ಆದರೆ ಟ್ರ್ಯಾಕಿಂಗ್‌ನಲ್ಲಿ ‘ಕ್ಲಿಯರೆನ್ಸ್ ಡಿಲೇ’ ಅನ್ನುವ ಎರಡೇ ಪದ ಹದಿನೇಳು ದಿನ ಜಪ್ಪಯ್ಯ ಅನ್ನದೆ ಕೂತವು. ಮೊದಲು ಕೆವೈಸಿ ಕೇಳಿದರು, ಆಧಾರ್ ಕಳಿಸಿದೆ. ಅಕ್ಷರ ಸರಿಯಾಗಿ ಕಾಣುತ್ತಿಲ್ಲ ಅಂದರು, ಗಾಂಧಿ ಚೌಕಕ್ಕೆ ಹೋಗಿ ಸ್ಕ್ಯಾನ್ ಮಾಡಿಸಿ ಮತ್ತೆ ಕಳಿಸಿದೆ. ಆಮೇಲೆ ಬಂದದ್ದು ಅಸಲು ಪ್ರಶ್ನೆ: ನಾಲ್ಕು ಕತ್ತರಿ 20 ಡಾಲರಿಗೆ ಹೇಗೆ ಬರುತ್ತವೆ? ಪಾವತಿಯ ಪುರಾವೆ ಕೊಡಿ.

ಇಲ್ಲಿ ನನಗೆ ತಿಳಿದ ಸಂಗತಿ ಹೇಳುತ್ತೇನೆ, ಬಹಳ ಮಂದಿಗೆ ಗೊತ್ತಿಲ್ಲ. ಗಿಫ್ಟ್ ಅಂತ ಹೇಳಿ ಸುಂಕ ತಪ್ಪಿಸುವ ದಾರಿ 2019ರ ಡಿಸೆಂಬರಿನಲ್ಲೇ ಬಂದ್ ಆಗಿದೆ. ಪೋಸ್ಟಿನಲ್ಲಿ ಬರಲಿ, ಕೊರಿಯರ್‌ನಲ್ಲಿ ಬರಲಿ, ಗಿಫ್ಟ್ ಹೆಸರಿನ ವಿನಾಯಿತಿ ಉಳಿದಿರುವುದು ಎರಡಕ್ಕೇ: ಜೀವ ಉಳಿಸುವ ಔಷಧಿಗೆ ಮತ್ತು ರಾಖಿಗೆ. ಉಳಿದ ಗಿಫ್ಟಿಗೆ ಪೂರ್ತಿ ಸುಂಕ ಕಟ್ಟಬೇಕು. ಇನ್ನು ಬೆಲೆ ಸುಳ್ಳು ಬರೆದರೆ ಮಾಲು ಮುಟ್ಟುಗೋಲು ಹಾಕಿ ದಂಡ ಹಾಕುವ ಅಧಿಕಾರ 1962ರ ಕಸ್ಟಮ್ಸ್ ಕಾಯ್ದೆಯಲ್ಲಿದೆ. ಬರೆದವನು ಜಪಾನಿನಲ್ಲಿ ಆರಾಮ, ಉತ್ತರ ಕೊಡಬೇಕಾದವ ತಿಕೋಟಾದಲ್ಲಿ. ಕಾರ್ಡಿನ ಸ್ಟೇಟ್‌ಮೆಂಟು, ಅಸಲು ಬಿಲ್ಲು ಎಲ್ಲ ಕಳಿಸಿ ತಪ್ಪೊಪ್ಪಿಕೊಂಡೆ. ಬೆಲೆ ತಿದ್ದಿ ಸುಂಕ ಕಟ್ಟಿಸಿಕೊಂಡರು, ದಂಡ ಹಾಕಲಿಲ್ಲ. ಅಷ್ಟರ ಮಟ್ಟಿಗೆ ಪುಣ್ಯಾತ್ಮರು.

ಸುಂಕದ ಚೀಟಿ ಬಂದಾಗ ಮಾತ್ರ ಕಣ್ಣು ಕತ್ತಲೆ ಬಂತು. ಕಸ್ಟಮ್ಸ್ ಬರೀ ಮಾಲಿನ ಬೆಲೆ ನೋಡುವುದಿಲ್ಲ. ಸಾಗಾಟ, ವಿಮೆ ಎಲ್ಲ ಕೂಡಿಸುತ್ತದೆ. ನಾನು ವಿಮೆ ಮಾಡಿಸಿರಲಿಲ್ಲ, ಆದರೂ ಬೆಲೆಯ ಶೇ. 1.125 ವಿಮೆ ಅಂತ ಹಿಡಿದರು. 12,000ಕ್ಕೆ 2,000, ಅದಕ್ಕೊಂದು 135, ಒಟ್ಟು 14,135. ಇದರ ಮೇಲೆ ಶೇ. 35 ಸುಂಕ. ಆ ಸುಂಕದ ಮೇಲೆ ಶೇ. 10 ಸಮಾಜ ಕಲ್ಯಾಣ ಸರ್‌ಚಾರ್ಜ್. ಇವೆಲ್ಲ ಕೂಡಿದ ಮೊತ್ತದ ಮೇಲೆ ಶೇ. 28 ಐಜಿಎಸ್‌ಟಿ, ಅಂದರೆ ಆಮದಿನ ಮೇಲೆ ಬೀಳುವ ಜಿಎಸ್‌ಟಿ. ಗುಣಿಸಿ ನೋಡಿದರೆ ಶೇ. 77.28. ನನ್ನ ಪಾಲಿಗೆ 10,923 ರೂಪಾಯಿ ಚಿಲ್ಲರೆ. ಇದರ ಮೇಲೆ ಕೊರಿಯರ್‌ನವರು “ನಿಮ್ಮ ಪರವಾಗಿ ನಾವು ಮೊದಲೇ ಸುಂಕ ಕಟ್ಟಿದ್ದೇವೆ” ಅಂತ ಅದಕ್ಕೊಂದು ಫೀ, ಆ ಫೀ ಮೇಲೆ ಮತ್ತೆ ಜಿಎಸ್‌ಟಿ.

ಸುಂಕ ಕಟ್ಟುವುದಕ್ಕೆ ನನ್ನ ತಕರಾರಿಲ್ಲ. ತಕರಾರು ಇದ್ದದ್ದು ಆ 28ರ ಮೇಲೆ. ಕೈಯಿಂದ ನಡೆಸುವ ಬೇಸಾಯದ ಸಲಕರಣೆಗೆ ನಮ್ಮ ದೇಶದಲ್ಲಿ ಜಿಎಸ್‌ಟಿ ಸೊನ್ನೆ. ಗುದ್ದಲಿ, ಸಲಿಕೆ, ಕುಡುಗೋಲು ಇರುವ ಅದೇ ಸಾಲಿನಲ್ಲಿ ಚಾಟಣಿ ಕತ್ತರಿಯ ಹೆಸರೂ ಇದೆ. ವಿಜಯಪುರದ ಅಂಗಡಿಯಲ್ಲಿ ಕತ್ತರಿ ತಗೊಂಡರೆ ಸೊನ್ನೆ. ಕತ್ತರಿ ಕೊರಿಯರ್‌ನಲ್ಲಿ ನನ್ನ ಹೆಸರಿಗೆ ಬಂತೋ, ಅದು ಕತ್ತರಿಯಾಗಿ ಉಳಿಯುವುದಿಲ್ಲ, ‘ವೈಯಕ್ತಿಕ ಬಳಕೆಯ ವಸ್ತು’ ಆಗುತ್ತದೆ. ಸುಂಕದ ಪಟ್ಟಿಯ 9804 ಅನ್ನುವ ಒಂದೇ ಚೀಲದೊಳಗೆ ಸೆಂಟಿನ ಬಾಟಲಿ, ಕೈಗಡಿಯಾರ, ರೈತನ ಕತ್ತರಿ ಎಲ್ಲ ಬೀಳುತ್ತವೆ, ಎಲ್ಲಕ್ಕೂ ಒಂದೇ ದರ. ಬೆಳಗಿನ ಆರಕ್ಕೆ ದ್ರಾಕ್ಷಿ ಪಡದಲ್ಲಿ ನಿಂತು ಕಡ್ಡಿ ಕತ್ತರಿಸುವುದು ಯಾವ ಲೆಕ್ಕದಲ್ಲಿ ವೈಯಕ್ತಿಕ ಬಳಕೆ, ಯಾರಾದರೂ ತಿಳಿದವರು ಹೇಳಿ.

ಆಮದು ರಫ್ತು ಕೋಡ್ ಅಂತ ಒಂದಿದೆ, ಐಇಸಿ. ಪ್ಯಾನ್, ಬ್ಯಾಂಕ್ ಖಾತೆ ಇದ್ದರೆ 500 ರೂಪಾಯಿ ಫೀ ಕಟ್ಟಿ ಆನ್‌ಲೈನಿನಲ್ಲೇ ತೆಗೆಸಬಹುದು. ಅದರ ಮೇಲೆ ತರಿಸಿದ್ದರೆ ಕತ್ತರಿಗೆ ಕತ್ತರಿಯ ದರವೇ ಬೀಳುತ್ತಿತ್ತು. ಒಣದ್ರಾಕ್ಷಿ ಹೊರದೇಶಕ್ಕೆ ಕಳಿಸುವ ವ್ಯಾಪಾರಿಗಳ ಹತ್ತಿರ ಇದು ಇರುತ್ತದೆ. ನಾಲ್ಕೆಕರೆ ರೈತನಿಗೆ ಯಾರು ಹೇಳಬೇಕು? ಅರವತ್ತು ದಿನದೊಳಗೆ ಮೇಲ್ಮನವಿ ಹಾಕಬಹುದು ಅಂತಲೂ ಆಮೇಲೆ ಗೊತ್ತಾಯಿತು. ಹನ್ನೊಂದು ಸಾವಿರದ ಸಲುವಾಗಿ ಮುಂಬೈಗೆ ಎಷ್ಟು ಸಲ ಓಡಾಡುವುದು ಅಂತ ಕೈಬಿಟ್ಟೆ. ನಿಜ ಹೇಳಬೇಕೆಂದರೆ, ಸುಳ್ಳು ಬರೆಸಿದ ಮೇಲೆ ಜಗಳ ಮಾಡುವ ಧೈರ್ಯವೂ ಇರಲಿಲ್ಲ.

ಇದೇ ಗಡಿಬಿಡಿಯಲ್ಲಿ ಒಂದು ಫೋನ್ ಬಂತು. ಹಿಂದಿಯಲ್ಲಿ, ಬಹಳ ಗತ್ತಿನಲ್ಲಿ: “ಕಸ್ಟಮ್ಸ್‌ನಿಂದ ಮಾತಾಡುತ್ತಿದ್ದೇವೆ, ನಿಮ್ಮ ಪಾರ್ಸೆಲ್ ಹಿಡಿದಿದ್ದೇವೆ, ಈ ನಂಬರಿಗೆ 8,500 ಹಾಕಿ.” ಬೇರೆ ದಿನವಾಗಿದ್ದರೆ ನಕ್ಕು ಇಡುತ್ತಿದ್ದೆ. ಆವತ್ತು ನನ್ನ ಪಾರ್ಸೆಲ್ ನಿಜವಾಗಿಯೂ ಹಿಡಿದಿದ್ದರಲ್ಲ, ಅರ್ಧ ನಂಬಿಬಿಟ್ಟಿದ್ದೆ. ಮಗಳು ಫೋನ್ ಕಸಿದುಕೊಂಡು “ಡಿಐಎನ್ ನಂಬರ್ ಕೊಡ್ರಿ” ಅಂದಳು, ಕಟ್ ಆಯಿತು. 2019ರಿಂದ ಕಸ್ಟಮ್ಸ್‌ನವರು ಕಳಿಸುವ ಕಾಗದಗಳ ಮೇಲೆ ಆ ನಂಬರ್ ಇರುತ್ತದಂತೆ, ಇಲಾಖೆಯ ವೆಬ್‌ಸೈಟಿನಲ್ಲಿ ಹಾಕಿ ತಾಳೆ ನೋಡಬಹುದು. ಖಾಸಗಿ ಖಾತೆಗೆ ಸುಂಕ ಹಾಕು ಅಂತ ಅವರು ಕೇಳುವುದಿಲ್ಲ. ಊರಿನ ಹಿರಿಯರಿಗೆ ಇದೊಂದನ್ನು ದಯವಿಟ್ಟು ಹೇಳಿಡಿ.

ಕತ್ತರಿ ಮನೆ ಮುಟ್ಟಿದಾಗ ಚಾಟಣಿ ಮುಗಿದು ಪೇಸ್ಟಿಂಗ್, ಅಂದರೆ ಕಣ್ಣು ಒಡೆಯಲು ಕಡ್ಡಿಗೆ ಔಷಧಿ ಹಚ್ಚುವ ಕೆಲಸ, ನಡೆದಿತ್ತು. ಮುಂದಿನ ಏಪ್ರಿಲ್ ಚಾಟಣಿಗೆ ಹೊರಗೆ ತೆಗೆದೆವು. ಬೆಣ್ಣೆ ಕತ್ತರಿಸಿದ ಹಾಗೆ ನಡೆಯುತ್ತವೆ, ಸುಳ್ಳು ಹೇಳುವುದಿಲ್ಲ, ಒಮ್ಮೆ ಹೇಳಿ ಸಾಕಾಗಿದೆ. 2025ರ ಬಜೆಟ್‌ನಲ್ಲಿ ಆ 35 ಇಳಿದು 20 ಆದಾಗ ಮನೆಯವರೆಲ್ಲ ನನ್ನ ಮುಖ ನೋಡಿದರು.

ಮೊನ್ನೆ ಬಾಜೂ ತೋಟದ ತಮ್ಮ ಬಂದು ಕತ್ತರಿ ಕೈಯಾಗ ಹಿಡಿದು ತಿರುವಿ ತಿರುವಿ ನೋಡಿದ. “ಅಣ್ಣಾ, ನನಗೂ ಎರಡು ತರಿಸಿಕೊಡು.” ಕೂಡಿಸಿಕೊಂಡು ಚಹಾ ಕುಡಿಸಿ ಇಷ್ಟೂ ಕಥೆ ಹೇಳಿದೆ. ಗಿಫ್ಟ್ ನಡೆಯುವುದಿಲ್ಲ, ಔಷಧಿ ಮತ್ತು ರಾಖಿಗೆ ಮಾತ್ರ ಬಿಡುತ್ತಾರೆ ಅಂತ ಎರಡೆರಡು ಸಲ ಹೇಳಿದೆ. ಎಲ್ಲ ಕೇಳಿದ, ಕಪ್ಪು ಕೆಳಗಿಟ್ಟ.

“ಹಂಗಾದ್ರ ರಾಖಿ ಅಂತ ಬರಸಿದ್ರ ನಡೀತದಲ್ಲ?”